ಕಂಟ್ರೋಲರಿನ ಹಣೆಗೆ ಕುಂಕುಮ

ನನಗೊಂದು ಅಹಂಕಾರವಿದೆ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ; ನಾನು ಒಪ್ಪಿಕೊಳ್ಳದಿದ್ದರೂ ನನ್ನ ಹೆಂಡತಿ ಸುಮಾ ನಿಮ್ಮ ಕಿವಿಗೆ ಹಾಕದೆ ಬಿಡುವವಳಲ್ಲ. ಕೆಲವರಿಗೆ ತಮ್ಮ ಕಂಠದ ಮೇಲೆ ಹೆಮ್ಮೆ, ಕೆಲವರಿಗೆ ತಮ್ಮ ಕೈಯಡುಗೆಯ ಮೇಲೆ, ನಮ್ಮ ಸೋದರಮಾವನಿಗೆ ತನ್ನ ಮೀಸೆಯ ಮೇಲೆ. ನನ್ನ ಹೆಮ್ಮೆಯೆಲ್ಲ ಬ್ಯಾಟರಿಯ ಮೇಲೆ. ಗೋವಾದ ಕುಂಕಳ್ಳಿಯ ಒಂದು ಕಾರ್ಖಾನೆಯಲ್ಲಿ ಸರಕು ಎತ್ತುವ ಆರು ಫೋರ್ಕ್‌ಲಿಫ್ಟ್‌ಗಳಿವೆ, ಆರೂ ಬ್ಯಾಟರಿಯಿಂದ ಓಡುವಂಥವು. ಅವುಗಳ ಚಾರ್ಜಿಂಗ್ ರೂಮು ಇಪ್ಪತ್ತೆರಡು ವರ್ಷಗಳಿಂದ ನನ್ನ ಉಸ್ತುವಾರಿಯಲ್ಲಿದೆ. ಯಾವುದಕ್ಕೆ ಎಷ್ಟು ಹೊತ್ತು ಕರೆಂಟು ಕೊಡಬೇಕು, ಯಾವುದರಲ್ಲಿ ನೀರು ಇಳಿದಿದೆ, ಯಾವುದು ಕಾದಿದೆ ಎಂಬುದನ್ನು ಬಾಗಿಲಲ್ಲಿ ನಿಂತು ಮೂಗಿನಿಂದಲೇ ಹೇಳಬಲ್ಲೆ. ನನ್ನ ಕಾಲದಲ್ಲಿ ಒಂದು ಗಾಡಿಯೂ ಅರ್ಧ ದಾರಿಯಲ್ಲಿ ನಿಂತಿಲ್ಲ. ಒಮ್ಮೆ ನಿಂತಿತ್ತು, ಆದರೆ ಆ ದಿನ ನಾನು ರಜೆಯಲ್ಲಿ ಧಾರವಾಡಕ್ಕೆ ಹೋಗಿದ್ದೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು.

ಇಂಥ ಮನುಷ್ಯ ಸಂಜೆ ಫಾತೋರ್ಡಾದ ಮನೆಗೆ ಬಂದಮೇಲೆ ಸುಮ್ಮನೆ ಕೂರುತ್ತಾನೆಯೇ? ಮನೆಯಲ್ಲಿರುವ ಫೋನು, ಟ್ರಿಮ್ಮರು, ಸೊಳ್ಳೆ ಬ್ಯಾಟು, ಎಲ್ಲದರ ಚಾರ್ಜೂ ನನ್ನದೇ. ಬೇರೆಯವರು ವೈರು ಚುಚ್ಚಿದರೆ ನಾನು ಎದ್ದು ಹೋಗಿ ಅದನ್ನು ತೆಗೆದು ಮತ್ತೆ ಚುಚ್ಚುತ್ತೇನೆ. "ಏನ್ರಿ, ನನ್ನ ಫೋನ್ ನಾನ ಚಾರ್ಜಿಗೆ ಹಚ್ಚಿದ್ರ ಏನ್ ಭೂಮಿ ಬಾಯಿ ಬಿಡ್ತೈತೇನ್ರಿ?" ಎಂದು ಸುಮಾ ಒಮ್ಮೆ ಕೇಳಿದ್ದಳು. "ನೀ ತೊಂಬತ್ತಕ್ಕ ತಗೀತಿ, ಮತ್ತ ಎಂಬತ್ತೆರಡಕ್ಕ ಹಚ್ಚತಿ. ಅದರ ಜೀವಾ ಏನ್ ಆಗಬೇಕು?" ಎಂದೆ. ಅವಳು ನನ್ನ ಜೀವದ ಬಗ್ಗೆ ಏನೋ ಗೊಣಗಿಕೊಂಡು ಒಳಗೆ ಹೋದಳು.

ಹೀಗಿರುವಾಗ ನನ್ನ ಮಗಳು ವೈಷ್ಣವಿ, ನಮ್ಮ ವೈಶೂ, ಹತ್ತನೆಯ ಇಯತ್ತೆಯಲ್ಲಿ ಒಳ್ಳೆಯ ಅಂಕ ತೆಗೆದಳೆಂದು ಬೆಳಗಾವಿಯ ಅವಳ ಸೋದರಮಾವ, ಅಂದರೆ ಸುಮಾಳ ಅಣ್ಣ, ಟಿವಿಗೆ ಹಚ್ಚಿ ಆಡುವ ವಿಡಿಯೋ ಗೇಮ್ ಕೊಡಿಸಿದ. ಅದರ ಜೊತೆಗೆ ವೈರಿಲ್ಲದ ಒಂದು ಕಂಟ್ರೋಲರ್ ಬಂತು. ನಾನು ಅದನ್ನು ರಿಮೋಟ್ ಎಂದೆ, ಹುಡುಗಿ ನೊಂದುಕೊಂಡಳು. ಎರಡು ಕೈಯಲ್ಲೂ ಹಿಡಿಯಬೇಕು, ಮೇಲೆ ಎರಡು ಗಿಡ್ಡ ಕಡ್ಡಿಗಳು, ಅವಕ್ಕೆ ಸ್ಟಿಕ್ ಎನ್ನುತ್ತಾರೆ. ಎಡಗೈ ಹೆಬ್ಬೆರಳಿನ ಸ್ಟಿಕ್ಕನ್ನು ಎತ್ತ ವಾಲಿಸಿದರೆ ಟಿವಿಯೊಳಗಿನ ಆಟಗಾರ ಅತ್ತ ಓಡುತ್ತಾನೆ. ಗೋವಾದಲ್ಲೇ ಹುಟ್ಟಿದ ಹುಡುಗಿ, ಆಡುವುದು ಫುಟ್‌ಬಾಲು. "ಅಪ್ಪಾ, ಇದರಾಗ ಏನೂ ಇಲ್ರಿ. ಲೈಟ್ ಮಿಣಮಿಣ ಅಂದ್ರ ವೈರ್ ಹಚ್ಚೂದು, ಅಷ್ಟ," ಎಂದಳು. ಅಷ್ಟೇ ಅಂತೆ! ಬ್ಯಾಟರಿಯ ವಿಷಯದಲ್ಲಿ "ಅಷ್ಟೇ" ಎಂದವರ ಗಾಡಿಗಳು ಎಲ್ಲೆಲ್ಲಿ ನಿಂತಿವೆ ಎಂದು ನನಗೆ ಗೊತ್ತು.

ಮರುದಿನವೇ ನೂರು ಪುಟದ ಒಂದು ನೋಟ್‌ಬುಕ್ ತಂದೆ. ಚಾರ್ಜಿಗೆ ಹಚ್ಚಿದ ಹೊತ್ತು, ತೆಗೆದ ಹೊತ್ತು, ಎಷ್ಟು ತಾಸು ಆಡಿದಳು, ಎಲ್ಲ ಅದರಲ್ಲಿ. ಒರೆಸಲು ನನ್ನ ಹಳೆಯ ಧೋತರದ ಮೆತ್ತನೆಯ ತುಂಡು. ಆಡುವ ಮೊದಲು ಸಾಬೂನು ಹಚ್ಚಿ ಕೈ ತೊಳೆಯಬೇಕು, ಆಡುತ್ತಾ ಚುರುಮುರಿ ತಿನ್ನಬಾರದು. ಕೆಳಗಿನ ಮನೆಯ ಮೆಲಿಸಾ ವೈಶೂಳ ಗೆಳತಿ. ಆ ಹುಡುಗಿ ಒಂದು ಕೈಯಲ್ಲಿ ಪಾವು, ಅಂದರೆ ಇಲ್ಲಿಯ ಬ್ರೆಡ್ಡು, ಹಿಡಿದುಕೊಂಡೇ ಒಳಗೆ ಬರುವವಳು. ಅವಳನ್ನೂ ಬಚ್ಚಲಿಗೆ ಕಳಿಸಿದೆ. ಅವಳ ತಂದೆ ಆಗ್ನೆಲ್ ಬಾಬ್ ಮೆಟ್ಟಿಲಲ್ಲಿ ಸಿಕ್ಕಾಗ "ಕಿತೆಂ ಹೊಸಮನಿ ಬಾಬ್, ವೋ ಕಂಟ್ರೋಲರ್ ಹೈ ಯಾ ದೇವ್ ಹೈ?" ಎಂದು ನಕ್ಕ. ಏನು ಹೊಸಮನಿ ರಾಯರೇ, ಅದು ಕಂಟ್ರೋಲರೋ ದೇವರೋ ಎಂದು ನನ್ನನ್ನು ಕೇಳಿದ್ದು. ದೇವರೋ ಏನೋ, ಅವನ ಮಗಳ ಕಂಟ್ರೋಲರ್ ಮಾತ್ರ ಸೋಫಾದ ಸಂದಿಯಲ್ಲಿ ಬಿದ್ದಿರುತ್ತಿತ್ತು, ಅದರ ಗುಂಡಿಗಳ ನಡುವೆ ಪಾವಿನ ಪುಡಿ ಕಾಣುತ್ತಿತ್ತು.

ನಾನೂ ಒಮ್ಮೆ ತಪ್ಪಿದ್ದನ್ನು ಹೇಳಬೇಕು. ಕಾರ್ಖಾನೆಯ ದೊಡ್ಡ ಬ್ಯಾಟರಿಗಳಿಗೆ ಆಗಾಗ ಇಡೀ ದಿನ ನಿಧಾನವಾಗಿ ಚಾರ್ಜ್ ಕುಡಿಸುವುದು ಪದ್ಧತಿ. ನಾನು ಕಂಟ್ರೋಲರಿಗೂ ರವಿವಾರ ಮುಂಜಾನೆಯಿಂದ ಸಂಜೆತನಕ ವೈರು ಹಚ್ಚಿಡುತ್ತಿದ್ದೆ. "ಅಪ್ಪಾ, ಇದು ಲಿಥಿಯಂ. ತುಂಬಿದ ಮ್ಯಾಲೂ ವೈರ್ ಹಚ್ಚೇ ಇಡಬಾರದ್ರಿ," ಎಂದಳು ವೈಶೂ. ನನಗೆ ಕಲಿಸಲು ಬಂದಳಲ್ಲ ಎಂದು ಸಿಟ್ಟು ಬಂತು. ಆಮೇಲೆ ಗುಟ್ಟಾಗಿ ಓದಿ ನೋಡಿದೆ. ಹುಡುಗಿ ಹೇಳಿದ್ದು ಖರೆ. ಮರುದಿನ, "ಲಿಥಿಯಂಗ ಇಡೀ ದಿನ ಹಚ್ಚಬಾರದು, ತಿಳೀತೇನು?" ಎಂದು ಅವಳಿಗೇ ಪಾಠ ಹೇಳಿದೆ. ಅವಳು "ಹೌದ್ರಿ ಅಪ್ಪಾ" ಎಂದಳು.

ನಾವಿರುವ ಕಟ್ಟಡದ ಸೊಸೈಟಿಯಲ್ಲಿ ಪ್ರತಿವರ್ಷ ಈ ಆಟದ ಪಂದ್ಯ ನಡೆಯುತ್ತದೆ. ಸೊಸೈಟಿಯ ಹಾಲ್‌ನಲ್ಲಿ ದೊಡ್ಡ ಟಿವಿ, ಅವರವರ ಕಂಟ್ರೋಲರ್ ಅವರವರೇ ತರಬೇಕು. ಹಿಂದಿನ ಎರಡು ವರ್ಷ ಮೆಲಿಸಾಳೇ ಗೆದ್ದು, ಗೆದ್ದವರಿಗೆ ಕೊಡುವ ಢಾಲಿನ ಮೇಲೆ ಎರಡು ಸಲ ತನ್ನ ಹೆಸರು ಬರೆಸಿಕೊಂಡಿದ್ದಳು. ಮೂರನೆಯ ಹೆಸರು ತನ್ನದಾಗಬೇಕೆಂದು ವೈಶೂ ಹಠ ಹಿಡಿದಿದ್ದಳು. ದಸರೆಗೆ ಮೊದಲೇ ಎಲ್ಲರೂ ಸೋತು ಉಳಿದವರು ಇವರಿಬ್ಬರೇ. ಫೈನಲ್ ಹಬ್ಬದ ನಂತರದ ರವಿವಾರ. ಸೊಸೈಟಿಯ ಸೆಕ್ರೆಟರಿ ನನ್ನನ್ನು ಕರೆದು, ಫೈನಲಿನ ದಿನ ಎರಡೂ ಕಂಟ್ರೋಲರುಗಳ ಚಾರ್ಜಿಂಗ್ ಜವಾಬ್ದಾರಿ ನಿಮ್ಮದು ಎಂದರು. ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ ನನ್ನ ಹೆಸರು ಬಂತು. ಆ ವಾರ ನಾನು ಲಿಫ್ಟಿಗಾಗಿ ಸ್ವಲ್ಪ ಹೆಚ್ಚೇ ಕಾಯುತ್ತಿದ್ದೆ.

ಅಷ್ಟರಲ್ಲಿ ಖಂಡೇನವಮಿ ಬಂತು. ನಮ್ಮ ಕಡೆ ಆ ದಿನ ಅನ್ನ ಕೊಡುವ ಸಲಕರಣೆಗೆಲ್ಲ ಪೂಜೆ. ಕಾರ್ಖಾನೆಯಲ್ಲಿ ಆರೂ ಫೋರ್ಕ್‌ಲಿಫ್ಟಿಗೆ ಹಾರ ಹಾಕಿ ಬಂದು, ಮನೆಯಲ್ಲಿ ಮಣೆಯ ಮೇಲೆ ತಂತಿ ಕತ್ತರಿಸುವ ನನ್ನ ಪಕ್ಕಡ, ಮೀಟರು, ಸುಮಾಳ ಹೊಲಿಗೆ ಮಷೀನಿನ ಕತ್ತರಿ, ಎಲ್ಲ ಹೊಂದಿಸಿದೆ. ಫೈನಲ್ ಎದುರಿಗಿರುವಾಗ ಕಂಟ್ರೋಲರನ್ನು ಬಿಡುವುದುಂಟೆ? ನಡುವೆ ಅದನ್ನೇ ಕೂರಿಸಿದೆ. ವಿಭೂತಿ ಎಳೆದೆ. ಕುಂಕುಮ ಎಲ್ಲಿ ಹಚ್ಚಬೇಕೆಂದು ನೋಡಿದರೆ, ಎಡಗಡೆಯ ಸ್ಟಿಕ್ಕಿನ ತಲೆಯ ಮೇಲೊಂದು ತಗ್ಗು. ಕುಂಕುಮಕ್ಕೆಂದೇ ಮಾಡಿಸಿದ ಹಾಗಿತ್ತು. ಕೈ ಬಿಚ್ಚಿ ಧಾರಾಳವಾಗಿ ಹಚ್ಚಿದೆ. ಆರತಿಗೆ ಬಂದ ವೈಶೂ ಅದನ್ನು ನೋಡಿ ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಬಾಯಿ ಮುಚ್ಚಿ ನಮಸ್ಕಾರ ಮಾಡಿದಳು. ಮಗಳಿಗೆ ಭಕ್ತಿ ಬಂತೆಂದು ನನಗೆ ಬಹಳ ಸಂತೋಷವಾಯಿತು. ಪೂಜೆಗಿಟ್ಟದ್ದನ್ನು ಬನ್ನಿ ಹಂಚುವವರೆಗೆ ಮುಟ್ಟುವಂತಿಲ್ಲ. ಮರುದಿನ ಸಂಜೆ ನಾನೇ ಧೋತರದ ತುಂಡಿನಿಂದ ಒತ್ತಿ ಒತ್ತಿ ಒರೆಸಿ ಅವಳ ಕೈಗೆ ಕೊಟ್ಟೆ.

ಶುಕ್ರವಾರ ಒಂದು ಚಮತ್ಕಾರ ನೋಡಿದೆ. ವೈಶೂ ಚಹಾ ಕುಡಿಯಲೆಂದು ಕಂಟ್ರೋಲರನ್ನು ಟೀಪಾಯಿಯ ಮೇಲೆ ಇಟ್ಟಿದ್ದಾಳೆ. ಯಾರೂ ಮುಟ್ಟಿಲ್ಲ. ಟಿವಿಯೊಳಗೆ ಅವಳ ಆಟಗಾರ ಚೆಂಡು ಬಿಟ್ಟು ಎಡಕ್ಕೆ ಓಡುತ್ತಿದ್ದಾನೆ, ಓಡುತ್ತಲೇ ಇದ್ದಾನೆ.

"ವೈಶೂ, ಯಾಕ ಓಡಾಕತ್ತಾನ ಅಂವಾ?"

"ಏನಿಲ್ಲ ಬಿಡ್ರಿ ಅಪ್ಪಾ. ನಾ ಸಂಭಾಳಸ್ತೇನಿ."

"ಚಾರ್ಜ್ ಕಡಿಮಿ ಆಗಿರಬೇಕು, ತಾ ಇಲ್ಲೆ," ಎಂದು ಕಿತ್ತುಕೊಂಡೆ. ಭರ್ತಿ ಚಾರ್ಜಾಯಿತು, ಮಹಾಶಯ ಇನ್ನೂ ಜೋರಾಗಿ ಎಡಕ್ಕೆ ಓಡಿದ. ವೈರು ಬದಲಿಸಿದೆ. ಮೀಟರು ಹಿಡಿದು ಸಾಕೆಟ್ ನೋಡಿದೆ. ಟಿವಿಯನ್ನು ಬೈದೆ. ಕೊನೆಗೆ, "ಇದು ಆ ಮೆಲಿಸಾನ ಜಿಡ್ಡಗೈ ಮಾಡಿದ್ದು, ನೂರಕ್ಕ ನೂರು," ಎಂದು ತೀರ್ಪು ಕೊಟ್ಟೆ. ವೈಶೂ ಕಂಟ್ರೋಲರನ್ನು ಮರಳಿ ಕೈಗೆ ತೆಗೆದುಕೊಂಡಳು. ಶುಕ್ರವಾರ, ಶನಿವಾರ ಎರಡೂ ದಿನ ಹೆಬ್ಬೆರಳನ್ನು ಬಲಕ್ಕೆ ಒತ್ತಿ ಹಿಡಿದುಕೊಂಡು ಆಡಿದಳು. ಎಷ್ಟು ಒತ್ತಬೇಕೆಂಬ ಅಳತೆ ಕೈಗೆ ಹತ್ತಿತ್ತೆಂದು ಕಾಣುತ್ತದೆ, ಆಟಗಾರ ಸರಳವಾಗಿ ಓಡತೊಡಗಿದ್ದ.

ರವಿವಾರ ಮುಂಜಾನೆ ತಾಯಿ-ಮಗಳು ಗುಡಿಗೆ ಹೋದಾಗ ಮನಸ್ಸು ತಡೆಯದೆ ಹತ್ತಿಯ ಕಡ್ಡಿಗೆ ಸ್ಪಿರಿಟ್ ಹಚ್ಚಿ ಸ್ಟಿಕ್ಕಿನ ಬುಡದಲ್ಲಿ ಆಡಿಸಿದೆ. ಹತ್ತಿ ಕೆಂಪಗೆ ಬಂತು. ಇನ್ನೊಂದು ಹಾಕಿದೆ, ಅದೂ ಕೆಂಪು. ಪಾವಿನಲ್ಲಿ ಕೆಂಪು ಇರುವುದಿಲ್ಲ ಎಂಬುದು ನನಗೂ ಗೊತ್ತು. ಇಪ್ಪತ್ತೆರಡು ವರ್ಷದ ಹೆಸರು, ಲಿಫ್ಟಿನ ಪಕ್ಕದ ಬೋರ್ಡು, ಎಲ್ಲ ಕಣ್ಣ ಮುಂದೆ ಬಂತು. ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಒಂಬತ್ತು ಹತ್ತಿಕಡ್ಡಿ ಸವೆಸಿ, ಗಾಳಿ ಊದಿ, ಒಣಗಿಸಿ, ಟಿವಿ ಹಚ್ಚಿ ನೋಡಿದೆ. ಆಟಗಾರ ಕಂಬದ ಹಾಗೆ ನಿಂತಿದ್ದ. ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿ ಕಸದ ಡಬ್ಬಿಯ ತಳಕ್ಕೆ ತುರುಕಿ, ಏನೂ ಆಗದವನಂತೆ ಕಂಟ್ರೋಲರನ್ನು ಚೀಲಕ್ಕೆ ಹಾಕಿದೆ. ಮಗಳು ಆಡಿ ಗೆಲ್ಲುತ್ತಾಳೆ, ನನ್ನ ಮಾನವೂ ಉಳಿಯುತ್ತದೆ.

ಹಾಲ್ ಜನರಿಂದ ತುಂಬಿತ್ತು. ಆಟ ಶುರುವಾಯಿತು. ಶುರುವಾದ ಕ್ಷಣದಿಂದ ವೈಶೂಳ ಆಟಗಾರರೆಲ್ಲ ಬಲಕ್ಕೆ ಓಡಿದರು. ಚೆಂಡು ಒಯ್ದವನು ಗೆರೆ ದಾಟಿ ಆಚೆ ಹೋದ. ಕಾಯುವವನು ಗೋಲು ಬಿಟ್ಟು ಬಲಕ್ಕೆ ಹೋದ. ಮೆಲಿಸಾ ಎರಡು ಗೋಲು ಹೊಡೆದಳು. ವೈಶೂಳ ಹಣೆಯಲ್ಲಿ ಬೆವರು, ಹೆಬ್ಬೆರಳು ಮಾತ್ರ ಎರಡು ದಿನ ಕಲಿತದ್ದನ್ನು ಬಿಡದೆ ಬಲಕ್ಕೇ ಒತ್ತುತ್ತಿತ್ತು. ಆಗ ನನಗೆ ಹೊಳೆಯಿತು: ಸೊಟ್ಟ ಸ್ಟಿಕ್ಕಿಗೆ ಅವಳು ಕೈ ಪಳಗಿಸಿದ್ದಳು, ನಾನು ಕಳ್ಳನಂತೆ ಅದನ್ನು ನೆಟ್ಟಗೆ ಮಾಡಿಟ್ಟಿದ್ದೆ.

ಅರ್ಧ ಆಟ ಮುಗಿದ ಸೀಟಿ ಕೇಳಿತು. ಎದ್ದು ನಿಂತೆ. "ವೈಶೂ, ಮುಂಜಾನೆ ನಾ ಅದನ್ನ ಸ್ವಚ್ಛ ಮಾಡೇನಿ. ಒಳಗ ಕುಂಕುಮ ಹೋಗಿತ್ತು. ನಾನ ಹಚ್ಚಿದ್ದು," ಎಂದೆ. ಕನ್ನಡ ತಿಳಿದವರು ಮೊದಲು ನಕ್ಕರು. ಅವರಲ್ಲೊಬ್ಬರು ಕೊಂಕಣಿಯಲ್ಲಿ ಹೇಳಿದಮೇಲೆ ಉಳಿದವರೂ ನಕ್ಕರು. ಆಗ್ನೆಲ್ ಬಾಬ್ ಕುರ್ಚಿ ಹಿಡಿದುಕೊಂಡು ನಕ್ಕ.

ವೈಶೂ ನಗಲಿಲ್ಲ. "ಕುಂಕುಮ ಹೋಗಿದ್ದು ನನಗ ಆವತ್ತ ಗೊತ್ತಿತ್ರಿ ಅಪ್ಪಾ. ನನ್ನ ಹೆಬ್ಬಟ್ಟಿಗೂ ಹತ್ತಿತ್ತು," ಎಂದು ಹೆಬ್ಬೆರಳು ತೋರಿಸಿದಳು. "ನೀವು ಮನಸಿಗೆ ಹಚ್ಕೋತೀರಿ ಅಂತ ಅನಲಿಲ್ಲ. ಆದ್ರ ಸ್ವಚ್ಛ ಮಾಡಿದ್ದು ಹೇಳಬಾರದೇನ್ರಿ?"

ಢಾಲಿಗಾಗಿ ತಿಂಗಳುಗಟ್ಟಲೆ ಹಂಬಲಿಸಿದ ಹುಡುಗಿ, ನನ್ನ ಮುಖ ಸಣ್ಣದಾಗಬಾರದೆಂದು ಸೊಟ್ಟ ಸ್ಟಿಕ್ಕಿನಲ್ಲೇ ಆಡಲು ತಯಾರಾಗಿದ್ದಳು. ನನಗೆ ಕಣ್ಣು ತುಂಬಿ ಬಂತು. ಪಕ್ಕದಲ್ಲಿದ್ದ ಸುಮಾ, "ಕುಂದರ್ರಿ ಇನ್ನ, ಅಕಿ ಆಡ್ಲಿ," ಎಂದು ಅಂಗಿ ಹಿಡಿದು ಎಳೆದಳು.

ಎರಡನೆಯ ಅರ್ಧದಲ್ಲಿ ನಮ್ಮ ಹುಡುಗಿಯ ಆಟ ನೋಡಬೇಕಿತ್ತು ನೀವು! ಹೆಬ್ಬೆರಳು ಹಗುರಾಯಿತು, ಆಟಗಾರರು ಸೂಜಿಯ ಹಾಗೆ ನೆಟ್ಟಗೆ ಓಡಿದರು. ಎರಡು ಗೋಲು ಹೊಡೆದು ಸಮ ಮಾಡಿದಳು. ಕೊನೆಯ ಗಳಿಗೆಯಲ್ಲಿ ಮೆಲಿಸಾಳ ಪಾವಿನ ಪುಡಿಯ ಕಂಟ್ರೋಲರಿನಿಂದ ಇನ್ನೊಂದು ಗೋಲು ಬಿತ್ತು. ಮೂರು-ಎರಡು. ಢಾಲು ಕೆಳಗಿನ ಮನೆಗೇ ಹೋಯಿತು. ವೈಶೂ ಮೆಲಿಸಾಳ ಕೈ ಕುಲುಕಿ, ನನ್ನ ಹತ್ತಿರ ಬಂದು, "ಮುಂದಿನ ವರ್ಷ ಪೂಜಿ ಮಾಡ್ರಿ, ಆದ್ರ ಡಬ್ಬಿಯೊಳಗ ಇಟ್ಟು ಡಬ್ಬಿಗೆ ಮಾಡ್ರಿ," ಎಂದಳು. ನಾನು ಆಗಲಿ ಎಂದು ತಲೆಯಾಡಿಸಿದೆ.

ಸೋಮವಾರ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಎಲ್ಲರೂ ಫೈನಲ್ ಏನಾಯಿತೆಂದು ಕೇಳಿದರು. ಎರಡನೆಯ ಅರ್ಧದಲ್ಲಿ ನನ್ನ ಮಗಳು ಎರಡು-ಒಂದರಿಂದ ಮೇಲುಗೈ ಸಾಧಿಸಿದಳೆಂದೂ, ಆ ಹೊತ್ತಿನಲ್ಲಿ ಕಂಟ್ರೋಲರ್ ಒಂದು ಕೂದಲಿನಷ್ಟೂ ಅತ್ತಿತ್ತ ಹೋಗಲಿಲ್ಲವೆಂದೂ, ಅದನ್ನು ಅದೇ ದಿನ ಮುಂಜಾನೆ ನನ್ನ ಕೈಯಾರೆ ಸ್ವಚ್ಛ ಮಾಡಿದ್ದೆನೆಂದೂ ಹೇಳಿದೆ. ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಮೊದಲ ಅರ್ಧದ ಬಗ್ಗೆ ಯಾರೂ ಕೇಳಲಿಲ್ಲ, ಮತ್ತು ಊಟದ ವೇಳೆ ಮುಗಿದುಹೋಯಿತು.