ಎದುರುಮನೆಗೆ ಪ್ರವಾಸ

ಆಗ ನನಗೆ ಇಪ್ಪತ್ತು ವರ್ಷ. ಅದಾಗಿ ಐವತ್ತರ ಮೇಲೆ ಒಂದೋ ಎರಡೋ ಕಳೆದಿದೆ. ಊರು ಸುತ್ತುವ ಹುಚ್ಚು ಈಗಿನ ಹೆಂಗಸರಿಗೇ ಹತ್ತಿದ್ದು ಅಂತ ಸೊಸೆಯ ಮುಂದೆ ಆಗಾಗ ಹೇಳುತ್ತಿರುತ್ತೇನೆ. ಅದು ಸುಳ್ಳು. ಬಂಡೀಪುರದ ಪಾರ್ಕು ನೋಡುವುದಕ್ಕಾಗಿ ನಾನು ಒಂದು ವಾರ ಎದುರುಮನೆಯಲ್ಲಿ ಸಂಸಾರ ಮಾಡಿದವಳು. ತಪ್ಪು ತಿಳಿಯಬೇಡಿ, ಗಂಡ, ಅತ್ತೆ ಇಬ್ಬರೂ ಜೊತೆಯಲ್ಲೇ ಇದ್ದರು.

ನಮ್ಮದು ಬೇಗೂರು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಮ್ಮನೆಯವರು ಅಲ್ಲೇ ಸ್ಕೂಲು ಮೇಷ್ಟ್ರು. ಅವರಿಗೆ ಹಳೇ ಕಲ್ಲು ಕಂಡರೆ ಪ್ರಾಣ. ಯಾರೋ ಸತ್ತದ್ದಕ್ಕೆ ಯಾರೋ ನೆಟ್ಟ ಕಲ್ಲಾದರಂತೂ ಮುಗಿಯಿತು, ಊಟವೂ ಬೇಡ. ನನಗೆ ಸತ್ತವರ ಮೇಲೆ ಅಷ್ಟು ಪ್ರೀತಿ ಇರಲಿಲ್ಲ. ಮದುವೆಯಾದ ನಾಲ್ಕು ವರ್ಷದಲ್ಲಿ ಬಸ್ಸು ಹತ್ತಿದ್ದು ಎರಡೇ ಸಲ, ಎರಡು ಸಲವೂ ಯಾರೋ ಸತ್ತಿದ್ದರು. ಮಹಾರಾಜರು ಬೇಟೆಯಾಡುತ್ತಿದ್ದ ಕಾಡನ್ನು ಪಾರ್ಕು ಮಾಡಿದ್ದಾರೆ, ಬಸ್ಸಿನಲ್ಲಿ ಕೂತವರಿಗೂ ಜಿಂಕೆ ಕಾಣುತ್ತದೆ ಅಂತ ಕೇಳಿದ್ದೆ. ಬದುಕಿರುವುದನ್ನು ಏನಾದರೂ ನೋಡಬೇಕು ಅಂತ ನನಗೆ ಆಸೆ.

ಒಂದು ಭಾನುವಾರಕ್ಕೆ ಅಂತ ಮೇಷ್ಟ್ರು ಹಾಳೆಯಲ್ಲಿ ಬರೆದರು: ಎಂಟಕ್ಕೆ ಊಟಿ ಬಸ್ಸು, ಗುಂಡ್ಲುಪೇಟೆಯಲ್ಲಿ ಇಳಿದು ಹಿಂದಿನ ದೊರೆಯೊಬ್ಬ ತಂದೆಯ ನೆನಪಿಗೆ ಕಟ್ಟಿಸಿದ ಗುಡಿ, ಆಮೇಲೆ ವೀರಗಲ್ಲು, ಆಮೇಲೆ ಮಾಸ್ತಿಕಲ್ಲು. ಕಡೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ‘ಸಮಯವಿದ್ದರೆ ಉದ್ಯಾನ’. ನಾನು ಅಕ್ಷರ ಕೂಡಿಸಿಕೊಂಡು ಓದುವವಳು, ಆದರೂ ಆ ‘ಸಮಯವಿದ್ದರೆ’ ಒಂದೇ ಏಟಿಗೆ ಓದಿದೆ. ಎರಡು ಹೊತ್ತು ಮಾತು ಬಿಟ್ಟು ಅದನ್ನು ಹೊಡೆದು ಹಾಕಿಸಿದೆ.

ಅತ್ತೆಯನ್ನು ಬಿಟ್ಟು ನಾವು ಹೋಗುವಂತಿಲ್ಲ, ಪಂಚಾಂಗ ಬಿಟ್ಟು ಅತ್ತೆ ಬರುವಂತಿಲ್ಲ. ಮಠದ ಅಯ್ನೋರು ಬೆರಳು ಮಡಿಸಿ ಮಡಿಸಿ, ತೆಂಕಲಿಗೆ ಹೊರಡಲು ಈ ಬುಧವಾರ ಮಧ್ಯಾಹ್ನ ಬಿಟ್ಟರೆ ಮೂರು ತಿಂಗಳು ಗಳಿಗೆಯೇ ಇಲ್ಲ ಅಂದರು. ಸ್ಕೂಲಿಗೆ ರಜಾ ಇರುವುದು ಭಾನುವಾರ. ಇಂಥ ಇಕ್ಕಟ್ಟಿಗೆ ಹಿರಿಯರು ಪರಸ್ಥಾನ ಅಂತ ಒಂದು ಉಪಾಯ ಮಾಡಿಟ್ಟಿದ್ದಾರೆ. ಒಳ್ಳೆಯ ಗಳಿಗೆಯಲ್ಲಿ ಅಕ್ಕಿ, ಬಟ್ಟೆ ಕಟ್ಟಿದ ಗಂಟೊಂದನ್ನು ಇನ್ನೊಬ್ಬರ ಮನೆಯಲ್ಲಿ ಇಟ್ಟು ಬಂದರೆ ನೀವೇ ಹೊರಟ ಲೆಕ್ಕ. ಆಮೇಲೆ ಯಾವತ್ತು ಬೇಕಾದರೂ ಬಸ್ಸು ಹತ್ತಬಹುದು. ಗಂಟು ಇಟ್ಟಿದ್ದರೆ ಎಲ್ಲ ಸುಲಭವಾಗಿ ಮುಗಿದುಹೋಗುತ್ತಿತ್ತು.

“ಉಲಿ ಇರೋ ಕಾಡು ಕಣಮ್ಮಿ,” ಅಂದರು ಅತ್ತೆ. “ಗಂಟು ನಂಬ್ಕೊಂಡು ಓಗಕ್ಕಾದದಾ? ಮನ್ಸ್ರೇ ಪರಸ್ಥಾನ ಓಗ್ಬೇಕು. ಒಂದ್ಸಲ ಒಸ್ಲು ದಾಟುದ್ಮೇಲೆ, ಪ್ರಯಾಣ ಮುಗುಸ್ದೆ ಮನೆ ಒಳಕ್ಕೆ ಕಾಲು ಮಡಗಂಗಿಲ್ಲ. ಮಡಗುದ್ರೆ ಮನೆಗೇ ಕೇಡು.”

ಬುಧವಾರ ಮಧ್ಯಾಹ್ನ ಮೂವರೂ ಎದುರುಮನೆ ಗೌರಮ್ಮಕ್ಕನ ಜಗಲಿ ಹತ್ತಿದೆವು. ಇಪ್ಪತ್ತು ಹೆಜ್ಜೆ ಪ್ರಯಾಣ. ಗೌರಮ್ಮಕ್ಕ ಸೊಂಟದ ಮೇಲೆ ಕೈಯಿಟ್ಟು ನೋಡಿ, “ಗಂಟು ಮಡಗ್ತೀವಿ ಅಂದ್ರಿ, ಊ ಅಂದೆ. ಈಗ ನೋಡುದ್ರೆ ಕಾಲಿರೋ ಗಂಟು ಮೂರು ಬಂದವಲ್ಲ!” ಅಂದಳು.

ಅವಳ ಮನೆಯೋ, ಗಂಡ ಹೆಂಡತಿ ಕಾಲು ಚಾಚಿದರೆ ತುಂಬಿಹೋಗುವಂಥದ್ದು. ಈ ಕಡೆ ನಮ್ಮ ಎಮ್ಮೆ ನಮ್ಮ ಕೊಟ್ಟಿಗೆಯಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗುತ್ತಿತ್ತು. ನಾವು ಒಳಗೆ ಕಾಲಿಡುವ ಹಾಗಿಲ್ಲ. ಹಾಲು ಕರೆಯಲು ಹೋದ ಗೌರಮ್ಮಕ್ಕ ವಾಪಸು ಬರಲಿಲ್ಲ. ಕತ್ತಲಾಗುವ ಹೊತ್ತಿಗೆ ಗಂಡನನ್ನೂ ಚಾಪೆಯನ್ನೂ ಕರೆಸಿಕೊಂಡಳು. ಹೀಗೆ ಅವರ ಮನೆಯಲ್ಲಿ ನಾವು, ನಮ್ಮ ಮನೆಯಲ್ಲಿ ಅವರು. ನಾನು ಬೀದಿಗೆ ಬಂದು “ಅಕ್ಕಾ, ಉಪ್ಪೆಲ್ಲಿ ಮಡಗಿದ್ದೀಯೇ?” ಅಂತ ಕೂಗುವುದು, ಅವಳು ನಮ್ಮ ಬಾಗಿಲಿನಿಂದ “ಒಲೆ ಹಿಂದ್ಕೆ! ನಿಮ್ಮ ಒನಕೆ ಎಲ್ಲೇ?” ಅನ್ನುವುದು. ಬಂದ ನೆಂಟರಿಗೆ ಯಾರ ಮನೆಗೆ ಬಂದಿದ್ದೇವೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಕಾಫಿ ಎಲ್ಲಿ ಕಾಯುತ್ತಿದೆಯೋ ಅಲ್ಲಿ ಕೂರುತ್ತಿದ್ದರು.

ಭಾನುವಾರ ಬೆಳಿಗ್ಗೆ ಚಿತ್ರಾನ್ನ ಕಟ್ಟಿಕೊಂಡು ರಸ್ತೆಯಲ್ಲಿ ನಿಂತೆವು. ಬಸ್ಸು ಬಂತು. ಬಾಗಿಲಲ್ಲೂ ಜನ, ಮೇಲೂ ಜನ. ಮೇಷ್ಟ್ರು ಪ್ರವಾಸದ ಹಾಳೆಯನ್ನೇ ಎತ್ತಿ ಬೀಸಿದರು. ಡ್ರೈವರು ಅದನ್ನು ಓದಲು ನಿಲ್ಲಲಿಲ್ಲ. ಧೂಳು ಇಳಿದ ಮೇಲೆ ಚಿತ್ರಾನ್ನವನ್ನು ಗೌರಮ್ಮಕ್ಕನ ಅಡಿಗೆಮನೆಯಲ್ಲೇ ತಿಂದು, ಮುಂದಿನ ಭಾನುವಾರ ಹೋಗುವುದು ಅಂತ ತೀರ್ಮಾನವಾಯಿತು. ನನಗೇನೂ ಬೇಸರವಿರಲಿಲ್ಲ. ಜಿಂಕೆಗಾಗಿ ಇನ್ನೊಂದು ವಾರ ಯಾರ ಒಲೆಯನ್ನಾದರೂ ಊದಲು ತಯಾರಿದ್ದೆ. ಕಾಯಲು ಆಗದೆ ಹೋದದ್ದು ಅತ್ತೆಗೆ. ಬುಧವಾರ ಬೆಳಿಗ್ಗೆ ಗೌರಮ್ಮಕ್ಕ ನಮ್ಮ ಜಗಲಿಯಲ್ಲಿ ಕೂತು, ಅತ್ತೆಯ ಮಾವಿನಮಿಡಿ ಜಾಡಿಯನ್ನು ತೊಡೆಯ ಮೇಲಿಟ್ಟುಕೊಂಡು ರೊಟ್ಟಿ ತಿನ್ನುತ್ತಿದ್ದಳು. ಆ ಜಾಡಿಯನ್ನು ಅತ್ತೆ ನನಗೇ ಮುಟ್ಟಲು ಬಿಟ್ಟವರಲ್ಲ.

“ಅಯ್ಯೋ, ನನ್ನ ಮಿಡಿ ಕಣೇ!”

“ಬನ್ನಿ ಅತ್ತೆಮ್ಮ, ಒಳೀಕ್ ಬಂದು ನೀವೂ ನೆಂಚ್ಕಳಿ,” ಅಂದಳು ಗೌರಮ್ಮಕ್ಕ.

ಅತ್ತೆ ಆ ಗಳಿಗೆಯಲ್ಲೇ ಅಯ್ನೋರನ್ನು ಕರೆಸಿದರು. “ಬುದ್ಧೀ, ಎಷ್ಟು ದೂರ ಓದ್ರೆ ಪ್ರಯಾಣ ಮುಗುದಂಗೆ?” ಅಯ್ನೋರು ಇನ್ನೊಮ್ಮೆ ಬೆರಳು ಮಡಿಸಿ, “ಊರ ಗಡಿ ದಾಟಿ ದೇವರನ್ನೋ ವೀರರನ್ನೋ ಕಂಡು ಕೈಮುಗಿದು ಬಂದರೆ ಆಯ್ತು ತಾಯಿ,” ಅಂದರು. ಕೆರೆಯ ಆಚೆ, ಗಡಿಯ ಹಳ್ಳ ದಾಟಿದರೆ ಒಂದು ವೀರಗಲ್ಲು ಉಂಟು. ಅತ್ತೆ ಒಮ್ಮೆ ಮನೆ ಸೇರಿದರೆ ಇನ್ನು ಗಳಿಗೆಯಿಲ್ಲ, ಪಾರ್ಕಿಲ್ಲ. ಇನ್ನು ಯಾರಾದರೂ ಸಾಯುವ ತನಕ ಬಸ್ಸಿಲ್ಲ.

ಸ್ಕೂಲು ಬಿಟ್ಟ ಮೇಲೆ ಹೊರಟೆವು. ಬುತ್ತಿಯನ್ನು ನಾಯಿ ಮುಟ್ಟೀತು ಅಂತ ನನ್ನನ್ನು ಹಳ್ಳದ ಈಚೆಯೇ ಹೊಂಗೆ ಮರದ ಕೆಳಗೆ ಕೂರಿಸಿ ತಾಯಿ ಮಗ ದಾಟಿ ಹೋದರು. ಮೇಷ್ಟ್ರು ಕಲ್ಲಿನ ಧೂಳು ಒರೆಸಿ, ಸವೆದ ಅಕ್ಷರ ಓದಿ, ಕಣ್ಣು ಒರೆಸಿಕೊಂಡರು. ಅತ್ತೆ ಕೈಮುಗಿದು ಆಗಲೇ ಮನೆ ಕಡೆ ತಿರುಗಿದ್ದರು. ಮೇಷ್ಟ್ರು ಹಾಳೆ ತೆಗೆದು ‘ವೀರಗಲ್ಲಿ’ನ ಮುಂದೆ ಒಂದು ಗುರುತು ಹಾಕಿದರು. ಸುತ್ತಲಿನ ಹೊಂಗೆ ಮರಗಳನ್ನು ಒಮ್ಮೆ ನೋಡಿ ‘ಉದ್ಯಾನ’ದ ಮುಂದೆಯೂ ಒಂದು ಹಾಕಿದರು. ನನ್ನ ನಾಲ್ಕು ವರ್ಷದ ಆಸೆಯನ್ನು ಪೆನ್ಸಿಲಿನಿಂದ ಮುಗಿಸಿದ ಆ ಮನುಷ್ಯನ ಜೊತೆ ಆಮೇಲೆ ನಲವತ್ತು ವರ್ಷ ಬಾಳಿದೆ, ಅದು ಬೇರೆ ಮಾತು.

ಮನೆ ಬಂತು. ಅತ್ತೆ ಬಲಗಾಲಿಟ್ಟು ಒಳಗೆ ಹೋಗಿ ಮೊದಲು ಜಾಡಿ ಎತ್ತಿಕೊಂಡರು. ಮೇಷ್ಟ್ರೂ ಹೋದರು. ನಾನು ಹೊಸ್ತಿಲ ಮುಂದೆ ನಿಂತೆ.

“ಬಾರಮ್ಮಿ, ಎಮ್ಮೆ ಕರಿ.”

“ನಾನೆಲ್ಲಿ ಗಡಿ ದಾಟ್ದೆ ಅತ್ತೆ? ಬುತ್ತಿ ಕಾಯ್ತಾ ಈಚೇಲೇ ಕೂತಿದ್ದೆ. ನಂದಿನ್ನೂ ಪ್ರಯಾಣ ಮುಗುದಿಲ್ಲ. ಬರ್ಲಾ ಒಳಕ್ಕೆ?”

“ನಿಂತ್ಕೋ! ಕಾಲು ಮಡಗ್ಬೇಡ!” ಅತ್ತೆ ಜಾಡಿಯ ಸಮೇತ ಹಾರಿಬಂದರು. “ಈಗ್ಲೇ ಓಗಿ ಅಳ್ಳ ದಾಟ್ಬುಟ್ಟು ಬಾ.”

“ಕಲ್ಲಿಗೆ ಹೆಂಗಸು ಒಬ್ಳೇ ಈ ಹೊತ್ನಲ್ಲಿ ಹೋಗ್ತಾರಾ? ಬೆಳಿಗ್ಗೆ ಬಂಡೀಪುರಕ್ಕೇ ಹೋಗಿ ಬತ್ತೀನಿ.”

“ನಾಳೆ ಗುರುವಾರ ಕಣೇ! ತೆಂಕಲಿಗೆ ಓಗ್ಬಾರ್ದು!”

“ನಾನು ಹೊರಟಿದ್ದು ಹೋದ ಬುಧವಾರ ಅಲ್ವಾ?”

ಅತ್ತೆ ಮಗನ ಮುಖ ನೋಡಿದರು. ಮೇಷ್ಟ್ರೂ ಬೆರಳು ಮಡಿಸಿ ಎಣಿಸಿ, ಲೆಕ್ಕ ಸರಿಯಾಗಿದೆ ಅಂದುಬಿಟ್ಟರು. ಚಾಪೆ ಸುತ್ತಿಕೊಂಡು ಮನೆಗೆ ಹೊರಟಿದ್ದ ಗೌರಮ್ಮಕ್ಕ, “ಒಂದು ವಾರ ನಿಮ್ಮೆಮ್ಮೆ ಕೈಲಿ ಒದಿಸ್ಕೊಂಡಿವ್ನಿ, ನಾನೂ ಜಿಂಕೆ ನೋಡ್ತೀನಿ ಕಣಮ್ಮಿ,” ಅಂದಳು.

ಮಾರನೆಯ ಬೆಳಿಗ್ಗೆ ಬಸ್ಸು ಖಾಲಿಯಾಗಿ ಬಂದು ನಮ್ಮ ಮುಂದೆಯೇ ನಿಂತಿತು. ಗೌರಮ್ಮಕ್ಕ ಹತ್ತಿದಳು. ಗಳಿಗೆ, ದಿಕ್ಕು ಅಂತ ಹೆದರುವವರನ್ನು ಮನಸ್ಸಿನಲ್ಲೇ ಗೇಲಿ ಮಾಡುತ್ತಾ ನಾನೂ ಹತ್ತಿ ಕೂತೆ. ಕಂಡಕ್ಟರು ರೈಟ್ ಅನ್ನುವಷ್ಟರಲ್ಲಿ “ತಡೀರಿ!” ಅಂತ ಕೂಗಿ ಕೆಳಗಿಳಿದೆ. ಮೊದಲು ಎಡಗಾಲು ಇಟ್ಟಿದ್ದೆ. ಬಲಗಾಲಿಟ್ಟು ಇನ್ನೊಂದು ಸಲ ಹತ್ತಿದೆ.