ನೇರ ಗೆರೆಯ ರಾಜ

ಮದುವೆಯಾದಾಗಿನಿಂದ ಮೊಳೆ ಹೊಡೆಯುವ ಕೆಲಸವನ್ನು ಹೆಂಡತಿಗೇ ಬಿಟ್ಟುಕೊಟ್ಟಿದ್ದ ನಾನು, ಆ ಶನಿವಾರ ಮಧ್ಯಾಹ್ನ ಸುತ್ತಿಗೆ ಹಿಡಿದು ಪ್ರತಿಜ್ಞೆ ಮಾಡಿದೆ: ಇವತ್ತು ಈ ಮನೆ ನನ್ನ ಕೈಯಿಂದ ಒಂದು ನೇರ ಗೆರೆಯನ್ನು ಕಂಡೇ ಕಾಣುತ್ತದೆ! ಇದಕ್ಕೆಲ್ಲ ಕಾರಣ ‘ರಾಜ’ ಎಂಬ ಎರಡಕ್ಷರ.

ನಾನು ನಿಘಂಟು ಕಚೇರಿಯವನು. ಹದಿನೈದು ವರ್ಷದ ಹಿಂದೆ ‘ಅ’ದಿಂದ ಹೊರಟು, ಏದುಸಿರು ಬಿಡುತ್ತ ಈಗ ‘ರ’ಕ್ಕೆ ಬಂದು ತಲುಪಿದ್ದೇವೆ. ‘ರಾಜ’ ನನ್ನ ಪಾಲಿಗೆ ಬಂತು. ಜನರನ್ನು ರಂಜಿಸುವವನು ರಾಜ ಎಂಬುದು ಹಳೆಯ ವಿವರಣೆ. ಬೆಳಗುವವನು ಎಂಬುದು ಇನ್ನೊಂದು. ಭಾಷಾವಿಜ್ಞಾನಿಗಳು ಮಾತ್ರ ಇನ್ನೂ ಹಿಂದಕ್ಕೆ ಹೋಗಿ, ನೆಟ್ಟಗೆ ಮಾಡು, ನೇರವಾಗಿ ನಡೆಸು ಎಂಬ ಅರ್ಥದ ಬೇರನ್ನು ತೋರಿಸುತ್ತಾರೆ. ಓದಿ ಮೈ ಜುಮ್ಮೆಂದಿತು. ಕಿರೀಟವಲ್ಲ, ಕತ್ತಿಯಲ್ಲ, ಬರೀ ನೆಟ್ಟಗಿರುವುದು! ಮೂರರಲ್ಲಿ ಯಾವುದನ್ನು ಮೊದಲು ಅಚ್ಚು ಹಾಕಬೇಕೆಂದು ಸೋಮವಾರ ಸಂಪಾದಕರಿಗೆ ಹೇಳಬೇಕಿತ್ತು.

“ನೆಟ್ಟಗೆ ಗೆರೆ ಎಳೆಯೋನೇ ರಾಜ, ಗೊತ್ತಾ?” ಎಂದೆ ಹೆಂಡತಿಗೆ.

ಅವಳು ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. “ಬೆಳಗ್ಗಿಂದ ನಾನು ಐವತ್ತು ಎಳೆದಿದೀನಿ. ಯಾರೂ ಕಿರೀಟ ತಂದು ಕೊಡ್ಲಿಲ್ಲ.”

ಅವಳು ದರ್ಜಿ. ಮೂರು ವರ್ಷ ಓಡಾಡಿದ ಮೇಲೆ ಒಂದು ನಾಟಕ ತಂಡ ಅವಳಿಗೆ ರಾಜನ ನಿಲುವಂಗಿಯ ಕೆಲಸ ಕೊಟ್ಟಿತ್ತು. ಸಂಜೆ ಐದಕ್ಕೆ ನಿರ್ದೇಶಕರು ಬಂದು ನೋಡಿ ಮೆಚ್ಚಿದರೆ ವರ್ಷದ ಉಡುಪಿನ ಕೆಲಸವೆಲ್ಲ ಅವಳದೇ.

“ನಿನ್ನ ದಾರದ ರೀಲಿಗೆ ಒಂದು ಹಲಗೆ ಹೊಡೆದುಕೊಡ್ತೀನಿ,” ಎಂದೆ.

“ಇವತ್ತೇ ಆಗ್ಬೇಕಾ? ಆಯ್ತು, ಏನಾದ್ರೂ ಮಾಡಿ. ಮೇಜಿನ ಮೇಲೆ ನಿಲುವಂಗಿ ಹಾಸಿದೀನಿ. ಅದರ ಹತ್ರ ಮಾತ್ರ ಹೋಗ್ಬೇಡಿ.” ಇಷ್ಟು ಹೇಳಿ ಊಟಕ್ಕೆ ಹೋದಳು.

ನಾನು ಅವಳದೇ ಟೇಪು ಹಿಡಿದು, ನೆಲದಿಂದ ಈ ತುದಿಗೆ ಐದು ಅಡಿ, ಆ ತುದಿಗೆ ಐದು ಅಡಿ, ಕೂದಲೆಳೆಯಷ್ಟೂ ತಪ್ಪದಂತೆ ಅಳೆದು ಮೇಜಿನ ಮೇಲ್ಗಡೆಯ ಗೋಡೆಗೆ ಹಲಗೆ ಕೂರಿಸಿದೆ. ಬಣ್ಣ ಚೆನ್ನಾಗಿ ಕಾಣಲೆಂದು ಮೂವತ್ತಾರು ರೀಲುಗಳನ್ನೂ ಮಲಗಿಸಿ ಸಾಲಾಗಿಟ್ಟೆ. ನನ್ನ ಚಹಾದ ಲೋಟವನ್ನು ಮೇಜಿನ ಮೂಲೆಯಲ್ಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನನ್ನ ಸಾಮ್ರಾಜ್ಯವನ್ನು ವೀಕ್ಷಿಸಿದೆ.

ಅವಳ ಹೊಲಿಗೆ ಕೋಣೆ ಒಂದು ಕಾಲದಲ್ಲಿ ಬಚ್ಚಲಾಗಿತ್ತು. ನೀರು ಹರಿದುಹೋಗಲೆಂದು ನೆಲವನ್ನೇ ಇಳಿಜಾರು ಮಾಡಿದ್ದರು. ನೆಲದಿಂದ ಅಳೆದ ನನ್ನ ಹಲಗೆಯೂ ಅಷ್ಟೇ ಇಳಿಜಾರಾಗಿ ನಿಂತಿತ್ತು. ಮೊದಲು ಹಸಿರು ರೀಲು ಹೊರಟಿತು. ಹಿಂದೆಯೇ ನೀಲಿ, ಹಳದಿ, ಇಡೀ ಸೈನ್ಯ! ಹಸಿರು ರೀಲು ನೇರವಾಗಿ ಲೋಟಕ್ಕೆ ಬಡಿಯಿತು. ಚಹಾ ನಿಲುವಂಗಿಯ ಬಿಳಿ ರೇಷ್ಮೆಯ ಮೇಲೆ ಕತ್ತಿನಿಂದ ಅಂಚಿನವರೆಗೆ ಹರಿಯಿತು. ಅವಳ ಮೂರು ವರ್ಷ ಆ ಮೇಜಿನ ಮೇಲೆ ಒದ್ದೆಯಾಗಿ ಬಿದ್ದಿತ್ತು.

ಬಾಗಿಲಲ್ಲಿ ಅವಳು ನಿಂತಿದ್ದಳು. ನಿಲುವಂಗಿಯನ್ನೊಮ್ಮೆ ನೋಡಿದಳು.

“ಗಂಟೆ ಎಷ್ಟು?”

“ಮೂರು,” ಎಂದೆ.

“ಆಚೆ ಹೋಗಿ ಕೂತ್ಕೊಳ್ಳಿ. ಏನೂ ಮುಟ್ಟಬೇಡಿ.”

ನಾನು ಹೊಸ್ತಿಲಲ್ಲೇ ಕೂತು ನೋಡಿದೆ. ಅವಳು ಸೀಮೆಸುಣ್ಣ ತೆಗೆದುಕೊಂಡಳು. ಸ್ಕೇಲು ಹುಡುಕಲಿಲ್ಲ, ಟೇಪು ಕೇಳಲಿಲ್ಲ. ಕಲೆಯ ಎರಡೂ ಪಕ್ಕ ಕತ್ತಿನಿಂದ ಅಂಚಿನತನಕ ಒಂದೇ ಉಸಿರಿಗೆ ಎರಡು ಗೆರೆ ಎಳೆದಳು. ಅಷ್ಟು ನೆಟ್ಟಗಿನ ಗೆರೆಯನ್ನು ನಾನು ಅಚ್ಚಾದ ಪುಟದಲ್ಲೂ ಕಂಡಿಲ್ಲ. ಕಲೆಯ ಪಟ್ಟಿಯನ್ನು ಕತ್ತರಿಸಿ ಎಸೆದು, ಆ ಜಾಗಕ್ಕೆ ಕಡುಗೆಂಪು ರೇಷ್ಮೆ ಕೂರಿಸಿದಳು. ನನ್ನ ಹೆಂಡತಿಯ ಕೈ ಇಂಥದ್ದೆಂದು ಇಷ್ಟು ವರ್ಷ ಒಮ್ಮೆಯೂ ನಿಂತು ನೋಡಿರಲಿಲ್ಲ. ನಾಚಿಕೆಯಾಯಿತು, ಹೆಮ್ಮೆಯೂ ಆಯಿತು.

ಐದಕ್ಕೆ ನಿರ್ದೇಶಕರು ಬಂದರು. ನಿಲುವಂಗಿ ಎತ್ತಿ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

“ಈ ಕೆಂಪು ಪಟ್ಟಿಯ ಯೋಚನೆ ಯಾರದ್ದಮ್ಮ?”

“ನಮ್ಮ ಯಜಮಾನರದು. ಚಹಾ ಕುಡೀತಾ ಹೊಳೀತಂತೆ.”

ನಿರ್ದೇಶಕರು ನನ್ನ ಕೈ ಕುಲುಕಿದರು. ವರ್ಷದ ಕೆಲಸವನ್ನು ಅವಳಿಗೆ ಕೊಟ್ಟು ಹೋದರು.

ಸೋಮವಾರ ಸಂಪಾದಕರು ಕೇಳಿದರು, “ರಾಜ ಏನಾದ ಸ್ವಾಮಿ?”

“ನೆಟ್ಟಗೆ ಮಾಡೋದು ಅನ್ನೋ ಅರ್ಥನೇ ಮೊದಲು ಹಾಕೋಣ ಸರ್.”

“ಆಧಾರ ಇದೆಯಾ?”

“ಮನೇಲಿದೆ ಸರ್.”

“ನಾಳೆ ತಗೊಂಡು ಬನ್ನಿ, ನೋಡೋಣ.”

“ಇಲ್ಲಿಗೆ ಕರೆಸೋ ಹಾಗಿಲ್ಲ ಸರ್,” ಎಂದೆ. “ನಾವೇ ಹೋಗಿ ಹೊಸ್ತಿಲಲ್ಲಿ ಕೂತ್ಕೋಬೇಕು. ಏನೂ ಮುಟ್ಟೋ ಹಾಗಿಲ್ಲ.”