ನಮ್ಮವರ ಹುಡುಗಿಯ ಕಿಬ್ಬೊಟ್ಟೆ ನೋವು ಮತ್ತು ತಮ್ಮ ಸಭ್ಯತೆ

ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಕನ್ನಡಿಗರೆಲ್ಲರ ಮನೆ ವೈದ್ಯರೆನಿಸಿದ ಡಾ. ಕೃಷ್ಣಾನಂದರ ಸನ್ನಿಧಿಗೆ, ತಿರುವನಂತಪುರದ ಪಟ್ಟಂನಿಂದ ಚಂದ್ರಾವತಿಯ ಸವಿನಯ ನಮಸ್ಕಾರಗಳು.

ಮಾನ್ಯರೇ,

ಓಣಂ ರಜೆಗೆ ಮುಂಚಿನ ಸೋಮವಾರ, ಜ್ವರ ಮತ್ತು ಕಿಬ್ಬೊಟ್ಟೆ ನೋವಿನಿಂದ ಬಾಗಿಕೊಂಡೇ ಬಂದ ನನ್ನ ಅಕ್ಕನ ಮಗಳು ಪ್ರತೀಕ್ಷಾಳನ್ನು ತಾವು ಗ್ಯಾಸಿನ ಮಾತ್ರೆ ಕೊಟ್ಟು ಕಳುಹಿಸಿದಿರಿ. ಅವಳ ಒಪ್ಪಿಗೆ ಪಡೆದೇ ನಮ್ಮ ಕನ್ನಡ ಸಂಘದ ಪತ್ರಿಕೆಗೆ ಇದನ್ನು ಬರೆಯುತ್ತಿದ್ದೇನೆ. ಹೆಸರು ಮುಚ್ಚಿಡಬೇಡ ಎಂದವಳೂ ಅವಳೇ.

ತಮ್ಮ ಕೌಂಟರಿನಲ್ಲಿ ಕೂರುವ ಮಲಯಾಳಿ ಅಕ್ಕ, ಆ ಚೇಚಿ, “ಮೋಳೇ, ಕಲ್ಯಾಣಂ ಕಳಿಞ್ಞೋ?” ಎಂದು ಮದುವೆಯಾಯಿತೇ ಅಂತ ವಿಚಾರಿಸಿ, ಆಗಿಲ್ಲವೆಂದು ಚೀಟಿಯಲ್ಲಿ ಬರೆದರಂತೆ. ತಾವು ಅದನ್ನು ಓದಿ, “ನಮ್ಮವರ ಹುಡುಗಿ, ನಿನ್ನನ್ನ ಇನ್ನೇನು ಕೇಳೋದಮ್ಮಾ? ಹೊರಗಿನ ಊಟ ಬಿಡು” ಎಂದು ನಕ್ಕು, ಹೊಟ್ಟೆಯನ್ನೂ ಮುಟ್ಟಿ ನೋಡದೆ ಕಳುಹಿಸಿದಿರಂತೆ. ತಾಳಿಯಿಲ್ಲದ ಕೊರಳಿನ ಕೆಳಗೆ ಗರ್ಭಕೋಶವೂ ಇರುವುದಿಲ್ಲ, ಬ್ಯಾಕ್ಟೀರಿಯಾಗಳು ಲಗ್ನಪತ್ರಿಕೆ ನೋಡಿಯೇ ಒಳಗೆ ಕಾಲಿಡುತ್ತವೆ ಎಂಬ ಈ ಶೋಧಕ್ಕೆ ಸನ್ಮಾನವಾಗದಿರುವುದು ನಮ್ಮ ಸಂಘಕ್ಕೇ ಅವಮಾನ. ಕ್ಲಿನಿಕ್ ತೆರೆದ ದಿನ ತಾವು “ಇಲ್ಲಿ ರೋಗ ನೋಡುತ್ತೇವೆ, ಜಾತಕವನ್ನಲ್ಲ” ಎಂದು ಭಾಷಣ ಮಾಡಿದ್ದೂ, ನಾನು ಮೊದಲ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ್ದೂ ನನಗೆ ಚೆನ್ನಾಗಿ ನೆನಪಿದೆ.

ವಾರ ಕಳೆದು ನೋವು ಹೆಚ್ಚಿ ಅವಳು ತಿರುವನಂತಪುರಕ್ಕೆ, ನನ್ನಲ್ಲಿಗೆ ಬಂದಳು. ಇಲ್ಲಿನ ಡಾ. ಗ್ರೇಸಿ ಮೊದಲು ನನ್ನನ್ನೇ ಹೊರಗೆ ಕಳುಹಿಸಿ, ಬಾಗಿಲು ಮುಚ್ಚಿ, ಕೇಳಬೇಕಾದ್ದನ್ನು ಕೇಳಿ, ಪರೀಕ್ಷಿಸಿ, ಗರ್ಭಕೋಶ ಮತ್ತು ಗರ್ಭನಾಳಗಳಿಗೆ ಸೋಂಕು ಎಂದರು. ಒಂದು ಇಂಜೆಕ್ಷನ್ ಕೊಟ್ಟು, ಎರಡು ವಾರ ಎರಡು ಬಗೆಯ ಆಂಟಿಬಯೋಟಿಕ್ ಬರೆದು, ನೋವು ಇಳಿಯಿತೆಂದು ನಡುವೆ ನಿಲ್ಲಿಸಕೂಡದು, ಸೋಂಕು ಮರಳದಂತೆ ಅವಳ ಗೆಳೆಯನೂ ಔಷಧ ತೆಗೆದುಕೊಳ್ಳಬೇಕು ಎಂದರು. ಇಷ್ಟು ಮರ್ಯಾದೆಗೆಟ್ಟ ಚಿಕಿತ್ಸೆಗೆ ನೋವು, ಜ್ವರ ಎರಡೂ ಓಡಿಹೋದವು. ಆದರೆ ತಡವಾದ ಆ ವಾರದಲ್ಲಿ ಗರ್ಭನಾಳಕ್ಕೆ ಪೆಟ್ಟಾಗಿದೆಯೋ, ಮುಂದೆ ಮಗು ಬೇಕೆಂದಾಗ ತೊಡಕಾದೀತೋ, ಈಗಲೇ ಯಾರೂ ಹೇಳಲಾರರು. “ಅವರು ಕೇಳಿದ್ರೆ ಹೇಳ್ತಿದ್ದೆ ಚಿಕ್ಕಮ್ಮಾ” ಎಂದಳು ಹುಡುಗಿ.

ಆದ್ದರಿಂದ ತಾವು ದಯವಿಟ್ಟು ಥರ್ಮಾಮೀಟರಿನ ಪಕ್ಕದಲ್ಲೇ ನಾಲ್ಕಾರು ಮಂಗಳಸೂತ್ರಗಳನ್ನು ತೂಗುಹಾಕಿ, ಅವಿವಾಹಿತೆಯರಿಗೆ ತಪಾಸಣೆ ಮುಗಿಯುವವರೆಗೆ ಎರವಲು ಕೊಡಬೇಕಾಗಿ ಬೇಡಿಕೊಳ್ಳುತ್ತೇನೆ. ಅದು ಕಷ್ಟವಾದರೆ, ಮದುವೆಯಾಗದವರನ್ನು ತಾಕದಂತೆ ಸೂಕ್ಷ್ಮಜೀವಿಗಳಿಗೆ ತಮ್ಮ ಲೆಟರ್‌ಹೆಡ್‌ನಲ್ಲಿ ಒಂದು ಸುತ್ತೋಲೆಯನ್ನಾದರೂ ಹೊರಡಿಸಿ.

ತಮ್ಮ ಸಭ್ಯತೆಯ ಮುಂದೆ ಮೂಕಳಾದ, ಆದರೂ ತಮ್ಮ ವಿಶ್ವಾಸಿ,
ಚಂದ್ರಾವತಿ

ಮರೆತ ಮಾತು: ಗ್ರೇಸಿಯವರ ಚೀಟಿ ಹಿಡಿದು ಆ ಗೆಳೆಯ ಔಷಧಕ್ಕೆ ತಮ್ಮಲ್ಲಿಗೇ ಬಂದಿದ್ದ. ತನ್ನ ಹೆಸರು ಮಾತ್ರ ಬೇಡವೆಂದು ಕೈಮುಗಿದಿದ್ದಾನೆ. ಅವನೂ ನಮ್ಮವರ ಹುಡುಗನೇ, ಅವನಿಗೂ ಮದುವೆಯಾಗಿಲ್ಲ. ಅದನ್ನು ಯಾರೂ ಕೇಳಲೇ ಇಲ್ಲವಂತೆ. ಎರಡೇ ನಿಮಿಷದಲ್ಲಿ ಸರಿಯಾದ ಮಾತ್ರೆ ಸಿಕ್ಕಿತಂತೆ. ಏಕೆಂದು ತಾವು ಇದೇ ಪತ್ರಿಕೆಯಲ್ಲಿ, ಎಲ್ಲರೂ ಓದುವಂತೆ ಉತ್ತರಿಸಬೇಕು.